ಅಣುವಿನ ಮೇಲೆ ಹೊರಿಸಿದ ಅಂಜಿಕೆ

ಭಯ ಮತ್ತು ಆತಂಕಗಳನ್ನು ಮಿದುಳಿನ ಯಾವುದೋ ಒಂದು ರಾಸಾಯನಿಕದ ಏರಿಳಿತವೆಂದು ವಿವರಿಸುವ ರೂಢಿ ಕಳೆದ ನಾಲ್ಕು ದಶಕಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಪತ್ರಿಕೆಗಳ ಆರೋಗ್ಯ ಪುರವಣಿಯಿಂದ ಹಿಡಿದು ತಾಲ್ಲೂಕು ಕೇಂದ್ರದ ಔಷಧದ ಅಂಗಡಿಯವರೆಗೆ ಅದನ್ನು ಪ್ರಶ್ನಿಸುವವರೇ ವಿರಳರಾಗಿದ್ದಾರೆ. ಆಕ್ಸಿಟೋಸಿನ್ ಪ್ರೀತಿಯ ಹಾರ್ಮೋನು, ಕಾರ್ಟಿಸಾಲ್ ಒತ್ತಡದ ಹಾರ್ಮೋನು, ಇನ್ನೊಂದು ಧೈರ್ಯದ್ದು, ಮತ್ತೊಂದು ದಿಗಿಲಿನದು, ಹೆಚ್ಚಾದುದನ್ನು ಇಳಿಸಿ ಕಡಿಮೆಯಾದುದನ್ನು ತುಂಬಿದರೆ ಮನಸ್ಸು ತಹಬಂದಿಗೆ ಬರುತ್ತದೆ ಎಂಬುದು ಈ ಮತದ ಸಾರ. ಇದನ್ನು ಇಲ್ಲಿ ಅಣುವಾದವೆಂದು ಕರೆಯಬಹುದು. ಈ ಮತ ತಪ್ಪೆಂದು ತೋರಿಸಲು ವಿಜ್ಞಾನದ ಹೊರಗಿನ ಯಾವ ಆಸರೆಯೂ ಬೇಕಾಗಿಲ್ಲ. ಮಿದುಳಿನ ಪೆಪ್ಟೈಡ್‌ಗಳ ಬಗ್ಗೆ ಪ್ರಯೋಗಾಲಯಗಳೇ ಕಂಡುಕೊಂಡಿರುವ ಸಂಗತಿಗಳನ್ನು ಮುಂದಿಟ್ಟರೆ ಸಾಕು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಂಥ ಮಳೆಯನ್ನೇ ನಂಬಿದ ಸೀಮೆಯಲ್ಲಿ ಈ ತಪ್ಪಿನ ಬೆಲೆ ಉಳಿದೆಡೆಗಿಂತ ಹೆಚ್ಚಾಗಿರುವುದರಿಂದ, ಅದನ್ನು ಆ ಸೀಮೆಯಲ್ಲಿಯೇ ನಿಂತು ಪರಿಶೀಲಿಸುವುದು ಯುಕ್ತ.

ಪೆಪ್ಟೈಡ್ ಎಂದರೆ ಅಮೈನೊ ಆಮ್ಲಗಳು ಮಣಿಯ ಸರದಂತೆ ಪೋಣಿಸಿಕೊಂಡ ಗಿಡ್ಡ ಸರಪಳಿ. ಅದೇ ಸರಪಳಿ ಬಹಳ ಉದ್ದವಾದರೆ ಅದನ್ನು ಪ್ರೋಟೀನ್ ಎನ್ನುತ್ತಾರೆ. ನರಕೋಶಗಳು ತಯಾರಿಸಿ ಸ್ರವಿಸುವ ಇಂಥ ಸರಪಳಿಗಳಿಗೆ ನ್ಯೂರೋಪೆಪ್ಟೈಡ್ ಎಂದು ಹೆಸರು. ಈವರೆಗೆ ಗುರುತಿಸಲಾದವು ನೂರಕ್ಕೂ ಹೆಚ್ಚು. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಗ್ಲುಟಮೇಟ್‌ನಂಥ ಚಿಕ್ಕ ಅಣುಗಳನ್ನು ಬಳಸುತ್ತದೆ, ಆ ಕೆಲಸ ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟು ಹೊತ್ತಿನಲ್ಲಿ ಮುಗಿದುಹೋಗುತ್ತದೆ; ಪೆಪ್ಟೈಡ್‌ಗಳಾದರೋ ಅದೇ ನರಕೋಶದಲ್ಲಿ ಬೇರೆ ಚೀಲಗಳಲ್ಲಿ ಶೇಖರವಾಗಿದ್ದು, ನರಕೋಶ ಬಿಡುವಿಲ್ಲದೆ ಮಿಡಿಯುವಾಗ ಮಾತ್ರ ಹೊರಬಿದ್ದು, ದೂರದವರೆಗೆ ಹರಡಿ, ಕೆಲವು ನಿಮಿಷಗಳ ಕಾಲ ಉಳಿದು, ಸುತ್ತಲಿನ ನರಜಾಲ ಮುಂದೆ ಬರುವ ಸುದ್ದಿಗೆ ಹೇಗೆ ಸ್ಪಂದಿಸಬೇಕೆಂಬುದನ್ನು ಬದಲಿಸುತ್ತವೆ. ಹೀಗೆ ಸ್ಪಂದನ ನಡೆಯುವುದು ಕೋಶದ ಹೊರಪೊರೆಯಲ್ಲಿರುವ ಗ್ರಾಹಕಗಳೆಂಬ ಪ್ರೋಟೀನ್‌ಗಳ ಮೂಲಕ. ಒಂದೇ ಪೆಪ್ಟೈಡಿಗೆ ಎರಡು, ಮೂರು, ಐದು ಬಗೆಯ ಗ್ರಾಹಕಗಳಿರುವುದುಂಟು, ಮತ್ತು ಅವುಗಳ ಪರಿಣಾಮ ಒಂದಕ್ಕೊಂದು ವಿರುದ್ಧವಾಗಿರುವುದೂ ಉಂಟು. ಅಣುವಾದಿಗಳು ಮೊದಲು ಎಡವುವುದೇ ಇಲ್ಲಿ: ಪೆಪ್ಟೈಡ್‌ನ ಹೆಸರು ಹೇಳಿದಾಕ್ಷಣ ಅದರ ಪರಿಣಾಮವನ್ನೂ ಹೇಳಿದಂತಾಯಿತೆಂದು ಅವರು ಭಾವಿಸುತ್ತಾರೆ. ಒಂದೇ ಹದದ ಮಳೆ ಎರೆಹೊಲಕ್ಕೂ ಮಸಾರಿಗೂ ಬಿದ್ದಾಗ ಎರೆ ವಾರಗಟ್ಟಲೆ ಹಸಿ ಹಿಡಿದಿರುತ್ತದೆ, ಮಸಾರಿ ನಾಲ್ಕು ಬಿಸಿಲಿಗೆ ಒಣಗಿ ನಿಲ್ಲುತ್ತದೆ. ಮಳೆಯನ್ನಷ್ಟೇ ಅಳೆದು ಬೆಳೆಯನ್ನು ಹೇಳುವ ರೈತ ಮುಂಡರಗಿ ಸೀಮೆಯಲ್ಲಿ ಸಿಗಲಾರ.

ಅಣುವಾದದ ಅತ್ಯಂತ ದೊಡ್ಡ ಪರೀಕ್ಷೆ ನಡೆದದ್ದು ಸಿಆರ್‌ಎಫ್ ಎಂಬ ಪೆಪ್ಟೈಡಿನ ವಿಷಯದಲ್ಲಿ. 1981ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ವೈಲಿ ವೇಲ್ ಮತ್ತು ಸಂಗಡಿಗರು ಕುರಿಗಳ ಮಿದುಳಿನ ಹೈಪೊಥಲಮಸ್ ಭಾಗದಿಂದ 41 ಅಮೈನೊ ಆಮ್ಲಗಳ ಈ ಸರಪಳಿಯನ್ನು ಬೇರ್ಪಡಿಸಿದರು. ಅಪಾಯ ಎದುರಾದಾಗ ಹೈಪೊಥಲಮಸ್ ಇದನ್ನು ಬಿಡುಗಡೆ ಮಾಡುತ್ತದೆ, ಇದರಿಂದ ಪ್ರಚೋದನೆಗೊಂಡ ಪಿಟ್ಯೂಟರಿ ಗ್ರಂಥಿ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರೀನಲ್ ಗ್ರಂಥಿಗೆ ಆಜ್ಞೆ ಕಳುಹಿಸುತ್ತದೆ, ಆ ಗ್ರಂಥಿ ಕಾರ್ಟಿಸಾಲ್ ಸುರಿಸುತ್ತದೆ. ಮಿದುಳಿನೊಳಗೇ ಅಮಿಗ್ಡಲ ಎಂಬ, ಕಿವಿಯ ನೇರಕ್ಕೆ ಒಳಗಡೆ ಬಾದಾಮಿಯಾಕಾರದಲ್ಲಿರುವ ಭಾಗದಲ್ಲಿಯೂ ಸಿಆರ್‌ಎಫ್ ದೊರೆಯಿತು. ಅದನ್ನು ಇಲಿಯ ಮಿದುಳಿಗೆ ಹನಿಸಿದರೆ ಇಲಿ ಮೂಲೆ ಹಿಡಿಯುತ್ತಿತ್ತು, ಮೈ ಮರಗಟ್ಟಿಸಿಕೊಳ್ಳುತ್ತಿತ್ತು. ಇಷ್ಟಾದ ಮೇಲೆ ತೀರ್ಮಾನಕ್ಕೆ ತಡವಾಗಲಿಲ್ಲ: ಆತಂಕವೆಂದರೆ ಸಿಆರ್‌ಎಫ್, ಅದರ ಗ್ರಾಹಕವನ್ನು ಮುಚ್ಚಿದರೆ ಆತಂಕ ಮಾಯ. ದೊಡ್ಡ ದೊಡ್ಡ ಔಷಧ ಕಂಪನಿಗಳು ಗ್ರಾಹಕ ಮುಚ್ಚುವ ಅಣುಗಳನ್ನು ಒಂದರ ಹಿಂದೆ ಒಂದರಂತೆ ತಯಾರಿಸಿದವು. ಅವುಗಳಲ್ಲೊಂದಾದ ಪೆಕ್ಸಾಸರ್‌ಫಾಂಟ್ ಅನ್ನು ಸದಾಕಾಲದ ಆತಂಕದಿಂದ ಬಳಲುತ್ತಿದ್ದ 260 ಮಂದಿಯ ಮೇಲೆ ನಡೆಸಿದ, 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಔಷಧವೇ ಇಲ್ಲದ ಖಾಲಿ ಗುಳಿಗೆಗಿಂತ ಮೇಲೆನಿಸಲಿಲ್ಲ. ಆಘಾತದ ನಂತರದ ಆತಂಕರೋಗವಿದ್ದ ಮಹಿಳೆಯರಲ್ಲಿ ಇನ್ನೊಂದು ಅಣುವಿನ ಪರೀಕ್ಷೆ ನಡೆದು, 2017ರಲ್ಲಿ ಅದರದೂ ಇದೇ ಹಣೆಬರಹವಾಯಿತು. ಕೊನೆಗೆ ಈ ಕುಲದ ಅಣುವೊಂದು, ಕ್ರಿನೆಸರ್‌ಫಾಂಟ್, 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಔಷಧವಾಗಿ ಮಾನ್ಯವಾಯಿತು, ಆದರೆ ಆತಂಕಕ್ಕಲ್ಲ, ಹುಟ್ಟಿನಿಂದಲೇ ಅಡ್ರೀನಲ್ ಗ್ರಂಥಿ ಕೆಡುವ ಒಂದು ಅಪರೂಪದ ಕಾಯಿಲೆಗೆ. ಪಿಟ್ಯೂಟರಿ ಗ್ರಂಥಿಯಲ್ಲಿ ಸಿಆರ್‌ಎಫ್‌ನ ಕೆಲಸ ಒಂದೇ ಬಗೆಯದಾದ್ದರಿಂದ ಅಲ್ಲಿ ಅದನ್ನು ತಡೆಯುವುದು ಫಲ ಕೊಟ್ಟಿತು. ಮಿದುಳಿನಲ್ಲಿ ಆ ಸರಳತೆ ಇರಲಿಲ್ಲ.

ಈ ಸೋಲನ್ನು ಅಣುವಾದಿಗಳು ಕೇವಲ ತಾಂತ್ರಿಕ ತೊಡಕೆಂದು ತಳ್ಳಿಹಾಕುತ್ತಾರೆ. ಪ್ರಮಾಣ ಸಾಲಲಿಲ್ಲ, ರೋಗಿಗಳ ಆಯ್ಕೆ ಸರಿಯಿರಲಿಲ್ಲ ಎನ್ನುತ್ತಾರೆ. ಒಂದೇ ಸೋಲಾಗಿದ್ದರೆ ಈ ಸಮಜಾಯಿಷಿಯನ್ನು ಒಪ್ಪಬಹುದಿತ್ತು. ಕೊಲೆಸಿಸ್ಟೊಕೈನಿನ್ ಎಂಬ ಪೆಪ್ಟೈಡಿನ ನಾಲ್ಕೇ ಕೊಂಡಿಗಳ ತುಣುಕನ್ನು ರಕ್ತನಾಳಕ್ಕೆ ಚುಚ್ಚಿದರೆ ನಿಮಿಷದೊಳಗೆ ಎದೆ ಹೊಡೆದುಕೊಂಡು ಸಾವೇ ಬಂದಿತೆನ್ನುವಂಥ ದಿಗಿಲು ಹುಟ್ಟುತ್ತದೆಂದು ಕೆನಡಾದ ಸಂಶೋಧಕರು ತೋರಿಸಿದ್ದರು. ಆದರೂ ಅದರ ಗ್ರಾಹಕವನ್ನು ಮುಚ್ಚುವ ಔಷಧಗಳು ದಿಗಿಲಿನ ರೋಗಿಗಳಿಗೆ ನೆರವಾಗಲಿಲ್ಲ. 1931ರಲ್ಲಿಯೇ ಪತ್ತೆಯಾಗಿದ್ದ ಸಬ್‌ಸ್ಟೆನ್ಸ್ ಪಿ ಎಂಬ 11 ಕೊಂಡಿಗಳ ಪೆಪ್ಟೈಡನ್ನು ತಡೆಯುವ ಔಷಧ ಖಿನ್ನತೆಗೂ ಆತಂಕಕ್ಕೂ ರಾಮಬಾಣವೆಂದು 1998ರಲ್ಲಿ ಭಾರೀ ಸದ್ದಾಯಿತು. ದೊಡ್ಡ ಪರೀಕ್ಷೆಗಳಲ್ಲಿ ಆ ನಿರೀಕ್ಷೆ ಕುಸಿದುಬಿದ್ದು, ಅದೇ ಔಷಧ ಇಂದು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬರುವ ವಾಂತಿಯನ್ನು ತಡೆಯಲು ಬಳಕೆಯಾಗುತ್ತಿದೆ. ಕೊಲೆಸಿಸ್ಟೊಕೈನಿನ್ ಮೊದಲು ಪತ್ತೆಯಾದದ್ದು ಕರುಳಿನಲ್ಲಿ, ಪಿತ್ತಕೋಶವನ್ನು ಕುಗ್ಗಿಸುವ ರಸವಾಗಿ, ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಬಾರದು: ಆತಂಕವನ್ನು ಹೊಟ್ಟೆಯಲ್ಲಿ ಅನುಭವಿಸಿ, ‘ಗ್ಯಾಸ್ ಆಗೈತಿ’ ಎಂದು ವೈದ್ಯರ ಮುಂದೆ ಕೂರುವ ಶಿರಹಟ್ಟಿಯ ರೋಗಿ, ಮಿದುಳು ಮತ್ತು ಕರುಳು ಬೇರೆ ಬೇರೆ ಲೋಕಗಳೆಂದು ತಿಳಿದಿರುವ ಪಂಡಿತನಿಗಿಂತ ವಾಸ್ತವಕ್ಕೆ ಹತ್ತಿರವಿದ್ದಾನೆ.

ಎಲ್ಲಕ್ಕಿಂತ ಹೆಚ್ಚು ಅಪಪ್ರಚಾರಕ್ಕೆ ಒಳಗಾದದ್ದು ಆಕ್ಸಿಟೋಸಿನ್. ಒಂಬತ್ತು ಅಮೈನೊ ಆಮ್ಲಗಳ ಈ ಪೆಪ್ಟೈಡನ್ನು ಪ್ರಯೋಗಾಲಯದಲ್ಲಿ ಕಟ್ಟಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಬಂತು. ಇದು ಗದಗ ಜಿಲ್ಲೆಯ ಹೆರಿಗೆ ಕೋಣೆಗಳಿಗೆ ಹೊಸದಲ್ಲ. ಮಗು ಹೊರಬಂದ ಕೂಡಲೇ ತಾಯಿಯ ತೊಡೆಗೆ 10 ಯೂನಿಟ್‌ನ ಒಂದು ಸೂಜಿ ಕೊಟ್ಟು, ಗರ್ಭಕೋಶ ಬಿಗಿದುಕೊಂಡು ರಕ್ತಸ್ರಾವ ನಿಲ್ಲುವಂತೆ ಮಾಡುವುದು ಎಲ್ಲೆಡೆಯ ಕ್ರಮ, ಮತ್ತು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯೊಳಗೆ ಇಡದಿದ್ದರೆ ಅದರ ಶಕ್ತಿ ಕುಂದುತ್ತದೆಂಬುದು ಪ್ರತಿ ಶುಶ್ರೂಷಕಿಗೂ ಗೊತ್ತಿರುವ ಮಾತು. ಹೈನಿನವರು ಎಮ್ಮೆ ಸೊರೆ ಬಿಡಲೆಂದು ಇದನ್ನೇ ಕಳ್ಳತನದಲ್ಲಿ ಚುಚ್ಚುತ್ತಾರೆಂಬ ದೂರು ಎಷ್ಟು ಬೆಳೆಯಿತೆಂದರೆ, 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಇದನ್ನು ದೇಶದೊಳಗಿನ ಬಳಕೆಗೆ ತಯಾರಿಸುವುದನ್ನೇ ನಿಷೇಧಿಸಿ, ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಎಂಬ ಸರ್ಕಾರಿ ಉದ್ದಿಮೆಗೊಂದಕ್ಕೇ ಆ ಅಧಿಕಾರ ಕೊಡಲು ಹೊರಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ದಿಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹೀಗೆ ಬಾಣಂತಿಯ ತೊಡೆಗೂ ಎಮ್ಮೆಯ ಕತ್ತಿಗೂ ಚುಚ್ಚಲ್ಪಡುವ ಈ ಪೆಪ್ಟೈಡು ರಕ್ತದಿಂದ ಮಿದುಳಿನೊಳಕ್ಕೆ ಹೋಗುವುದು ತೀರ ಅತ್ಯಲ್ಪ, ಏಕೆಂದರೆ ಮಿದುಳಿನ ರಕ್ತನಾಳಗಳ ಬಿಗಿಯಾದ ಗೋಡೆ ಅದನ್ನು ತಡೆಯುತ್ತದೆ. ಸೂಜಿ ಚುಚ್ಚಿದ ಮಾತ್ರಕ್ಕೆ ಎಮ್ಮೆಗೆ ಒಡೆಯನ ಮೇಲೆ ಅಕ್ಕರೆ ಉಕ್ಕಿದ್ದನ್ನು ಯಾರೂ ಕಂಡಿಲ್ಲ.

ಮೂಗಿಗೆ ಸಿಂಪಡಿಸಿದರೆ ಪರರ ಮೇಲಿನ ನಂಬಿಕೆ ಹೆಚ್ಚುತ್ತದೆಂಬ 2005ರ ಪ್ರಸಿದ್ಧ ಪ್ರಯೋಗದಿಂದಲೇ ‘ಪ್ರೀತಿಯ ಹಾರ್ಮೋನು’ ಎಂಬ ಬಿರುದು ಜಗತ್ತಿನಾದ್ಯಂತ ಮೆರೆಯಿತು. ಹೆಚ್ಚು ಮಂದಿಯನ್ನು ಸೇರಿಸಿಕೊಂಡು ಅದೇ ಪ್ರಯೋಗವನ್ನು ಮತ್ತೆ ನಡೆಸಿ 2020ರಲ್ಲಿ ವರದಿ ಮಾಡಿದಾಗ ಆ ಪರಿಣಾಮ ಕಾಣಲಿಲ್ಲ. ಬಿರುದು ಮಾತ್ರ ಉಳಿದುಕೊಂಡಿತು. ಮಿದುಳಿನೊಳಗೆ ತಾನಾಗಿ ಸ್ರವಿಸುವ ಆಕ್ಸಿಟೋಸಿನ್‌ನ ಕಥೆ ಇನ್ನೂ ವಿಚಿತ್ರವಾದದ್ದು. 2012ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಇಲಿಯ ಅಮಿಗ್ಡಲದ ಮಧ್ಯಭಾಗಕ್ಕೆ ಆಕ್ಸಿಟೋಸಿನ್ ಮುಟ್ಟಿಸುವ ನರತಂತುಗಳನ್ನು ಪ್ರಚೋದಿಸಿದಾಗ ಹೆದರಿ ಮರಗಟ್ಟಿದ ಇಲಿ ಚಲಿಸತೊಡಗಿತು, ಅಂದರೆ ಭಯ ಇಳಿಯಿತು. ಮರುವರ್ಷವೇ ಪ್ರಕಟವಾದ ಇನ್ನೊಂದು ಅಧ್ಯಯನ, ಮಿದುಳಿನ ಸೆಪ್ಟಮ್ ಎಂಬ ಬೇರೊಂದು ಭಾಗದಲ್ಲಿ ಅದೇ ಪೆಪ್ಟೈಡಿನ ಗ್ರಾಹಕಗಳು, ಬೇರೊಂದು ಇಲಿಯಿಂದ ಸೋತು ಪೆಟ್ಟು ತಿಂದ ಇಲಿಯಲ್ಲಿ, ಭಯವನ್ನು ಹೆಚ್ಚಿಸುತ್ತವೆಂದು ತೋರಿಸಿತು. ಆಕ್ಸಿಟೋಸಿನ್‌ಗೆ ಪ್ರೀತಿಯೆಂದು ಹೆಸರಿಟ್ಟವರು ಈಗ ಅದಕ್ಕೆ ಭಯವೆಂದೂ ಹೆಸರಿಡಬೇಕು, ಇಲ್ಲವೆ ಹೆಸರಿಡುವ ಚಟವನ್ನೇ ಬಿಡಬೇಕು.

ಸ್ಥಳದಂತೆಯೇ ಅನುಭವದ ಇತಿಹಾಸವೂ ಪೆಪ್ಟೈಡಿನ ಅರ್ಥವನ್ನು ಬದಲಿಸುತ್ತದೆಂಬುದು ಅಣುವಾದಕ್ಕೆ ಬಿದ್ದ ಎರಡನೆಯ, ಮತ್ತು ಹೆಚ್ಚು ಗಂಭೀರವಾದ ಏಟು. 2012ರಲ್ಲಿ ಸಿಯಾಟಲ್‌ನ ಸಂಶೋಧಕರು ವರದಿ ಮಾಡಿದಂತೆ, ಒತ್ತಡವನ್ನೇ ಕಾಣದ ಇಲಿಯ ಮಿದುಳಿನ ಅಕ್ಯುಂಬೆನ್ಸ್ ಎಂಬ ಭಾಗಕ್ಕೆ ಸಿಆರ್‌ಎಫ್ ಹನಿಸಿದರೆ ಅದು ಆ ಅನುಭವವಾದ ಜಾಗಕ್ಕೇ ಮತ್ತೆ ಮತ್ತೆ ಹೋಗಬಯಸುತ್ತದೆ. ಆತಂಕದ ಪೆಪ್ಟೈಡೆಂದು ಹೆಸರಾದದ್ದೇ ಅಲ್ಲಿ ಹುರುಪು ತರುತ್ತದೆ. ಅದೇ ಇಲಿಯನ್ನು ಎರಡು ದಿನ ನೀರಿನಲ್ಲಿ ಬಿಟ್ಟು ಪಾರಾಗುವ ದಾರಿಯಿಲ್ಲದೆ ಈಜಿಸಿದ ಮೇಲೆ ಅದೇ ಪೆಪ್ಟೈಡು ಅದೇ ಜಾಗದಲ್ಲಿ ಅದಕ್ಕೆ ಅಸಹನೀಯವಾಗುತ್ತದೆ, ಮತ್ತು ಈ ತಿರುವು-ಮುರುವು ಕನಿಷ್ಠ 90 ದಿನ ಉಳಿಯುತ್ತದೆ. ಅಣು ಬದಲಾಗಿಲ್ಲ, ಪ್ರಮಾಣ ಬದಲಾಗಿಲ್ಲ. ಬದಲಾದದ್ದು ಅದನ್ನು ಪಡೆಯುವ ಜೀವ ಅನುಭವಿಸಿದ ಎರಡು ದಿನಗಳು.

ಈ ವಿಷಯದಲ್ಲಿ ಕನ್ನಡನಾಡಿನ ಕೊಡುಗೆ ಅಲ್ಪವಲ್ಲ, ಆದರೆ ಕನ್ನಡದ ಓದುಗರಿಗೆ ಅದು ತಲುಪಿರುವುದು ತೀರ ಕಡಿಮೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಅವರ ತಂಡ, ನಿಮ್ಹಾನ್ಸ್‌ನ ಬಿ. ಎಸ್. ಶಂಕರನಾರಾಯಣ ರಾವ್ ಅವರ ಜೊತೆಗೂಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಕಟ್ಟಿಹಾಕಲಾಯಿತು. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ನರಕೋಶಗಳ ಕವಲುಗಳು ಮುದುಡಿದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲದಲ್ಲಿ ಅದಕ್ಕೆ ತದ್ವಿರುದ್ಧವಾಗಿ ಕವಲುಗಳು ಬೆಳೆದವು. ಮುಂದಿನ ಅಧ್ಯಯನವೊಂದರಲ್ಲಿ, ಒತ್ತಡ ನಿಂತು 21 ದಿನಗಳಾದ ಮೇಲೆ ನೋಡಿದರೆ ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡಿತ್ತು, ಅಮಿಗ್ಡಲದ ಬೆಳವಣಿಗೆ ಮತ್ತು ಆತಂಕ ಹಾಗೇ ಉಳಿದಿದ್ದವು. 2005ರಲ್ಲಿ ಇದೇ ಗುಂಪು ಇನ್ನೂ ಬೆರಗಿನ ಸಂಗತಿಯೊಂದನ್ನು ಹೊರಗೆಡವಿತು: ಒಂದೇ ಒಂದು ಸಲ, ಎರಡೇ ಗಂಟೆ ಕಟ್ಟಿಹಾಕಿದ ಇಲಿಯಲ್ಲಿ ಮರುದಿನ ಏನೂ ಬದಲಾವಣೆ ಕಾಣದಿದ್ದರೂ, ಹತ್ತು ದಿನಗಳ ನಂತರ ಅಮಿಗ್ಡಲದ ಕವಲುಗಳ ಮೇಲೆ ಮುಳ್ಳಿನಂಥ ಚಾಚಿಕೆಗಳು ಹೆಚ್ಚಿ ಆತಂಕ ಮೊಳೆತಿತ್ತು. ಒತ್ತಡದ ಹಾರ್ಮೋನನ್ನು ಇಳಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ 2012ರ ಫಲಿತಾಂಶ ಸಾಕಷ್ಟು ಉತ್ತರ: ಒತ್ತಡಕ್ಕೆ ಮುನ್ನವೇ ಕಾರ್ಟಿಕೋಸ್ಟಿರಾನ್, ಅಂದರೆ ಇಲಿಗಳ ಕಾರ್ಟಿಸಾಲ್, ಏರಿಸಿದ್ದ ಇಲಿಗಳಲ್ಲಿ ಈ ತಡವಾದ ಹಾನಿ ಕಾಣಿಸಿಕೊಳ್ಳಲೇ ಇಲ್ಲ. ಖಳನಾಯಕನೆಂದು ಮೆರವಣಿಗೆ ಮಾಡಿಸಿದ ಹಾರ್ಮೋನು ಅಲ್ಲಿ ಕಾವಲುಗಾರನಾಗಿತ್ತು.

ಈ ಬೆಳಕಿನಲ್ಲಿ ಗದಗ ಸೀಮೆಯ ಆತಂಕವನ್ನು ನೋಡಬೇಕು. ಕಣಕಿ ಬಣವಿಯಲ್ಲಿ ಕೈಯಿಟ್ಟಾಗ ಹಾವು ಸರಿದರೆ ಹುಟ್ಟುವುದು ಭಯ. ಅದಕ್ಕೆ ಎದುರಿಗೊಂದು ವಸ್ತುವಿದೆ, ಅದು ಸರಿದುಹೋದರೆ ಮೈ ತಣ್ಣಗಾಗುತ್ತದೆ. ಮುಂಗಾರಿಗೆ ಬಿತ್ತಿದ ಹೆಸರು ಆಗಸ್ಟ್ ಹೊತ್ತಿಗೆ ಕಾಯಿ ಬಲಿತು ನಿಂತು, ಬಿಡಿಸಲು ಆಳು ಸಿಗದೆ, ಮೋಡ ಕವಿದು, ಜಿಟಿಜಿಟಿ ಹಿಡಿದರೆ ಕಾಳು ಕಪ್ಪಿಟ್ಟು ಮೊಳಕೆಯೊಡೆಯುತ್ತದೆಂದು ಗೊತ್ತಿದ್ದೂ ಏನೂ ಮಾಡಲಾಗದೆ ರಾತ್ರಿಯೆಲ್ಲ ಎದ್ದು ಎದ್ದು ಮೋಡ ನೋಡುವವನದು ಆತಂಕ. ಅದರ ವಸ್ತು ಇನ್ನೂ ಬಂದಿಲ್ಲ, ಬಾರದೆ ಹೋಗುತ್ತದೆಂಬ ಖಾತ್ರಿಯೂ ಇಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮಳೆ ಬಾರದಿದ್ದರೆ ಅದೊಂದು ಚಿಂತೆ, ಬಂದರೆ ಹೆಸರಿನ ರಾಶಿಗೆ ಇದೊಂದು. ‘ನಿದ್ದಿ ಹತ್ತವಲ್ದು, ಎದಿ ಬಡಕೊಳ್ಳಾಕತ್ತೈತಿ’ ಎಂದು ಇಂಥವನು ಬಂದು ಹೇಳಿದಾಗ, ನಿನ್ನ ಮಿದುಳಿನಲ್ಲಿ ರಾಸಾಯನಿಕ ಏರುಪೇರಾಗಿದೆ ಎಂದು ಉತ್ತರಿಸುವುದು ಸುಳ್ಳೆನ್ನಲಾಗದು, ಆದರೆ ಅದು ಪ್ರಶ್ನೆಗೆ ಉತ್ತರವಲ್ಲ. ಏರುಪೇರು ಆಗಿರಲೇಬೇಕು; ಅದನ್ನು ಉಂಟುಮಾಡಿ ಉಳಿಸಿಕೊಂಡು ಬಂದಿರುವುದು ಯಾವುದೆಂಬುದೇ ಪ್ರಶ್ನೆ.

ಬೆಟಗೇರಿಯ ಮಗ್ಗದ ಮನೆಗಳಲ್ಲಿ ಆತಂಕಕ್ಕೆ ವಾರದ ಕಂತಿನ ಲಯವಿದೆ. ಸಂಘದ ಸಾಲಕ್ಕೆ ಕಂತು ಕಟ್ಟಲು ಕೈಸಾಲ, ಕೈಸಾಲ ತೀರಿಸಲು ಮೀಟರ್ ಬಡ್ಡಿ, ವಸೂಲಿಗೆ ಬಂದವರು ಬಾಗಿಲಲ್ಲಿ ಕೂತರೆ ಓಣಿಯಲ್ಲಿ ಮಾನಹಾನಿ. ಇಂಥ ವಸೂಲಿಯ ಕಿರುಕುಳದಿಂದ ರಾಜ್ಯದಲ್ಲಿ ಜನ ಊರು ಬಿಟ್ಟ, ಜೀವ ಕಳೆದುಕೊಂಡ ವರದಿಗಳು ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ಸಾಲವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು. ಆ ಸುಗ್ರೀವಾಜ್ಞೆ ಯಾವ ಪೆಪ್ಟೈಡಿನ ಗ್ರಾಹಕವನ್ನೂ ಮುಚ್ಚುವುದಿಲ್ಲ. ಹಾಗಿದ್ದರೂ, ಬಾಗಿಲು ಬಡಿಯುವ ಸದ್ದು ನಿಂತ ಮನೆಯಲ್ಲಿ ನಿದ್ರೆಗೆ ಅವಕಾಶವಾಗುವುದು ಅದರಿಂದಲೇ ಹೊರತು ಪೆಕ್ಸಾಸರ್‌ಫಾಂಟ್‌ನಿಂದಲ್ಲ.

ಅಣುವಾದದ ಪರವಾಗಿ ಹೇಳಬಹುದಾದ ಬಲವಾದ ಮಾತುಗಳು ಎರಡಿವೆ. ಗಾಳಿ ಸೋಂಕಿದೆ, ಅಂತ್ರ ಕಟ್ಟಿಸಬೇಕು ಎನ್ನುವ ಜನರ ನಡುವೆ, ಇದು ದೇಹದ ಕಾಯಿಲೆ ಎಂದು ಹೇಳುವುದರಿಂದ ರೋಗಿಯ ಮೇಲಿನ ಕಳಂಕ ಅಳಿಯುತ್ತದೆ ಎಂಬುದು ಮೊದಲನೆಯದು. ಇದು ಅರ್ಧ ಸತ್ಯ. ರಾಸಾಯನಿಕ ವಿವರಣೆ ರೋಗಿಯ ಮೇಲಿನ ದೂಷಣೆಯನ್ನು ಕಡಿಮೆ ಮಾಡುತ್ತದೆ, ಆದರೆ ಅವನು ಗುಣವಾಗಲಾರನೆಂಬ ನಿರಾಶೆಯನ್ನು ಹೆಚ್ಚಿಸುತ್ತದೆ ಎಂದು ಅನೇಕ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2013ರ ವಿಶ್ಲೇಷಣೆ ಹೇಳಿದೆ. ದೆವ್ವವಾದರೆ ಬಿಡಿಸಬಹುದು, ಮಿದುಳೇ ಕೆಟ್ಟರೆ ಏನು ಮಾಡುವುದೆಂದು ಮನೆಯವರು ಕೈಚೆಲ್ಲುವುದಕ್ಕೂ ಇದಕ್ಕೂ ನಂಟಿದೆ. ಔಷಧಗಳು ಕೆಲಸ ಮಾಡುತ್ತವಲ್ಲ ಎಂಬುದು ಎರಡನೆಯದು. ಮಾಡುತ್ತವೆ, ನಿಜ, ಪೆಕ್ಸಾಸರ್‌ಫಾಂಟ್ ಸೋತ ಅದೇ ಪರೀಕ್ಷೆಯಲ್ಲಿ ಹಳೆಯ ಔಷಧವಾದ ಎಸಿಟಾಲೊಪ್ರಾಮ್ ಗೆದ್ದಿತ್ತು, ಮತ್ತು ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಈ ಲೇಖನ ಓದಿ ಯಾರೂ ನಿಲ್ಲಿಸಬಾರದು. ಆದರೆ ನೋವಿನ ಗುಳಿಗೆಯಿಂದ ತಲೆನೋವು ಇಳಿದರೆ ಆ ಗುಳಿಗೆಯ ಕೊರತೆಯಿಂದಲೇ ತಲೆನೋವು ಬಂದಿತ್ತೆಂದು ಯಾರೂ ವಾದಿಸುವುದಿಲ್ಲ. ಅಂಜುವ ಸನ್ನಿವೇಶಕ್ಕೆ ಹಂತಹಂತವಾಗಿ ಒಗ್ಗಿಸುವ ಮಾತಿನ ಚಿಕಿತ್ಸೆಯೂ ಆತಂಕವನ್ನು ಇಳಿಸುತ್ತದೆ, ಮತ್ತು ಅದೂ ಮಿದುಳಿನ ಮೂಲಕವೇ ಇಳಿಸುತ್ತದೆ.

ಇದಕ್ಕೆ ಪ್ರತಿಯಾಗಿ, ಅಂಜಿಕೆಯೆಲ್ಲ ಮನಸ್ಸಿನ ಭ್ರಮೆ, ಗಟ್ಟಿ ಮನಸ್ಸು ಮಾಡಿಕೊಂಡರೆ ಆಯಿತು ಎಂಬ ಕಟ್ಟೆಯ ಉಪದೇಶವನ್ನು ಯಾರೂ ಇಲ್ಲಿ ಎತ್ತಿಹಿಡಿಯುತ್ತಿಲ್ಲ. ಕವಲೊಡೆದ ಅಮಿಗ್ಡಲಕ್ಕೆ ಉಪದೇಶ ಮುಟ್ಟುವುದಿಲ್ಲ. ಎರಡು ವಾರ ಒಂಟಿಯಾಗಿ ಕೂಡಿಹಾಕಿದ ಇಲಿಗಳ ಮಿದುಳಿನಲ್ಲಿ ಟ್ಯಾಕಿಕೈನಿನ್ ಎಂಬ ಪೆಪ್ಟೈಡು ಹಲವು ಕಡೆ ಏಕಕಾಲಕ್ಕೆ ಏರಿ, ಒಂದು ಕಡೆ ಭಯವನ್ನೂ ಇನ್ನೊಂದು ಕಡೆ ಸಿಡುಕನ್ನೂ ಹುಟ್ಟಿಸುತ್ತದೆಂದು 2018ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ತೋರಿಸಿದರು. ಮಕ್ಕಳು ದುಡಿಯಲು ಗೋವೆಗೋ ಬೆಂಗಳೂರಿಗೋ ಹೋಗಿ, ಮುಂಡರಗಿ ಕಡೆಯ ಹಳ್ಳಿಯ ಮನೆಯಲ್ಲಿ ಒಂಟಿಯಾಗಿ ಉಳಿದ ಮುದುಕಿಯ ಅಂಜಿಕೆಯನ್ನೂ ಸಿಟ್ಟನ್ನೂ ಸ್ವಭಾವದೋಷವೆಂದು ತಳ್ಳಿಹಾಕುವವರು ಈ ಇಲಿಗಳನ್ನು ಸ್ವಲ್ಪ ನೆನೆಯಬೇಕು.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಆತಂಕ-ಖಿನ್ನತೆಗಳಂಥ ಸಾಮಾನ್ಯ ಮಾನಸಿಕ ಕಾಯಿಲೆಯಿರುವವರಲ್ಲಿ ಸುಮಾರು ನೂರಕ್ಕೆ 85 ಮಂದಿಗೆ ಯಾವ ಚಿಕಿತ್ಸೆಯೂ ಸಿಗುತ್ತಿಲ್ಲ. ಹೀಗಿರುವಾಗ ಮುಂದೆಂದೋ ಬರಲಿರುವ ಪೆಪ್ಟೈಡ್ ಔಷಧದ ಕನಸು ಬಿತ್ತುವುದಕ್ಕಿಂತ ಇರುವ ವ್ಯವಸ್ಥೆಯನ್ನು ಸರಿಯಾಗಿ ದುಡಿಸುವುದು ಮೇಲು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡನ್ನು ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳಲ್ಲಿ ತಪ್ಪದೆ ನಡೆಸಿದರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯವರೆಗೆ ಬಸ್ಸಿನಲ್ಲಿ ದಿನಗಟ್ಟಲೆ ಅಲೆಯುವುದು ಅನೇಕರಿಗೆ ತಪ್ಪುತ್ತದೆ. ಅಲ್ಲಿ ಬರೆಯುವ ಚೀಟಿಯಲ್ಲಿ ಗುಳಿಗೆಯ ಹೆಸರಿನ ಜೊತೆಗೆ ಹೋದ ವರ್ಷದ ಬೆಳೆ ಏನಾಯಿತು, ಸಾಲ ಯಾರದು, ಮನೆಯಲ್ಲಿ ಜೊತೆಗೆ ಯಾರಿದ್ದಾರೆ, ನಿದ್ರೆ ಎಂದಿನಿಂದ ಕೆಟ್ಟಿದೆ ಎಂಬ ನಾಲ್ಕು ಮಾತುಗಳಿಗೂ ಜಾಗವಿರಬೇಕು. ಕನ್ನಡದಲ್ಲಿ ಆರೋಗ್ಯದ ಬಗ್ಗೆ ಬರೆಯುವವರು ಪ್ರೀತಿಯ ಹಾರ್ಮೋನು, ಭಯದ ಹಾರ್ಮೋನು ಎಂಬ ಬಿರುದುಗಳನ್ನು ಇನ್ನಾದರೂ ಕೈಬಿಡಬೇಕು. ಮಂಗಳವಾರದವರೆಗೆ ಕಾಯಲಾಗದವರಿಗೆ, 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಕನ್ನಡದಲ್ಲಿಯೇ, ಹಣ ಕೇಳದೆ ದೊರೆಯುತ್ತದೆ.